ಬೀರು, ಸುಸ್ಥಿತಿಯಲ್ಲಿದೆ

ಪಕ್ಕದ ಮನೆ ಝಕಿಯಾ ಫೋಟೊ ಹೊಡೆದಳು.
ಬೀರುವಿನ ಕನ್ನಡಿಯೊಳಗೆ ನಾನು ಬೀಳಬಾರದೆಂದು
‘ಆಂಟಿ, ಸ್ವಲ್ಪ ಆಚೆ, ಇನ್ನೂ ಆಚೆ’ ಎನ್ನುತ್ತ
ಅಡುಗೆಮನೆಯ ಹೊಸಿಲವರೆಗೂ ಸರಿಸಿದಳು.
ಆದರೂ ಬಿದ್ದೆ:
ಒಂದು ಮೊಣಕೈ, ಅವರೆಕಾಯಿ ಮೊರದ ಅಂಚು.
‘ಇರಲಿ ಬಿಡಿ, ಯಾರಿಗೆ ಗೊತ್ತಾಗತ್ತೆ’ ಅಂದು
ಕೆಳಗೆ ಬರೆದಳು: ಒಂದೇ ಕೈ ಬಳಸಿದ್ದು,
ಸುಸ್ಥಿತಿಯಲ್ಲಿದೆ. ಇಟ್ಟಿಗೆಗೂಡು, ಮೈಸೂರು.

ನನಗೆ ಅದೇ ಭಯ. ಯಾರಿಗಾದರೂ ಗೊತ್ತಾದರೆ?

ವಿಧವಾ ವೇತನ ಎಂಟು ನೂರು, ಅದೂ ಬಂದ ತಿಂಗಳು.
ಕಾಗದದಲ್ಲಿ ನನ್ನ ಆದಾಯ ಒಂದೇ ಸಾಲು:
ವಾರ್ಷಿಕ ಹನ್ನೆರಡು ಸಾವಿರ, ಅಂಕಿಯಲ್ಲೂ ಅಕ್ಷರದಲ್ಲೂ.
ಬೀರುವಿಗೆ ನಾಲ್ಕು ಸಾವಿರ ಹಾಕಿದ್ದೆ.
ಕೂಡಿಸಿದರೆ ಹದಿನಾರು.
ಕೂಡಿಸಬೇಕೋ ಬೇಡವೋ, ಯಾರನ್ನು ಕೇಳಲಿ?
ಕೇಳಿದರೇ ಗೊತ್ತಾಗಿಬಿಡುತ್ತಲ್ಲ.
ಆದಾಯ ಅಂದರೆ ಬಂದದ್ದು ತಾನೆ,
ಮನೆಯಿಂದ ಹೋದದ್ದಕ್ಕೂ ಅದೇ ಹೆಸರೆ?
ಮಿಕ್ಸಿ ಮಾರಿದಾಗ ಇದೆಲ್ಲ ಹೊಳೆದಿರಲಿಲ್ಲ.
ಇವರ ಸೈಕಲ್ಲು ಮಾರಿದ ರಾತ್ರಿ
ಮಗ್ಗುಲು ಬದಲಿಸುತ್ತ ಕೂಡಿಸಿದೆ, ಕಳೆದೆ.
ಆದಾಯ ಒಂದು ಚೂರು ಹೆಚ್ಚಿದರೂ ಸಾಕು,
ನಮ್ಮಂಥವರಿಗೆ ಆಯ ತಪ್ಪುತ್ತದೆ.

ಫೋನಿನಲ್ಲಿ ಎಲ್ಲರೂ ಕೇಳುವುದು ಒಂದೇ,
‘ಇನ್ನೂ ಇದೆಯಾ?’
ಇದೆ ಎಂದರೆ ಮಾತಿಲ್ಲ, ಮಾಯ.
ಕಚೇರಿಯವರೂ ವರ್ಷಕ್ಕೊಮ್ಮೆ ಹೀಗೇ ಕೇಳುತ್ತಾರೆ,
ಇದ್ದೀರಾ, ಮತ್ತೆ ಮದುವೆ ಏನಾದರೂ?
ಇದ್ದೀನಿ ಸ್ವಾಮಿ. ಇಲ್ಲ ಸ್ವಾಮಿ.
ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ,
ಮನೆಮನೆಯ ಪಾತ್ರೆ ತಿಕ್ಕಿ ಗೆರೆಯೇ ಸವೆದಿದೆ.

ಖಾಲಿ ಮಾಡಲು ಅರ್ಧ ಗಂಟೆಯೂ ಹಿಡಿಯಲಿಲ್ಲ.
ಎರಡು ಸೀರೆ, ನುಸಿಗುಳಿಗೆ,
ಇವರ ಖಾಕಿ ಅಂಗಿ. ಮೃಗಾಲಯದಲ್ಲಿ ದಿನಗೂಲಿ,
ಸಿಂಹದ ಬೋನಿಗೆ ಮಾಂಸ ಹೊತ್ತವರು;
ಎಷ್ಟು ಒಗೆದರೂ ಭುಜದಲ್ಲಿ ಕಲೆ.
ಬಾಗಿಲ ಒಳಮೈಯಲ್ಲಿ ಪೆನ್ಸಿಲಿನ ಹಾಲಿನ ಲೆಕ್ಕ.
ಒರೆಸಿದೆ, ಹೋಗಲಿಲ್ಲ.

ಬಂದವರನ್ನು ಬಾಗಿಲಲ್ಲೇ ಗುರುತು ಹಿಡಿದೆ.
ಕನ್ನಡಕ ಬೇರೆ, ಕೆಮ್ಮು ಅದೇ.
ಎರಡು ವರ್ಷದ ಕೆಳಗೆ ಇದೇ ಹೊಸಿಲಲ್ಲಿ ನಿಂತು
ಮನೆಯನ್ನೆಲ್ಲ ಕಣ್ಣಲ್ಲೇ ಅಳೆದು
ಹನ್ನೆರಡು ಸಾವಿರ ಎಂದು ಗೀಚಿಕೊಂಡು ಹೋದ ಶ್ರೀಕಂಠಸ್ವಾಮಿ.
ಹಿಂದೆ ಗೂಡ್ಸ್ ಆಟೊ, ಹಗ್ಗ, ಒಬ್ಬ ಹುಡುಗ.
ಮಂಚದ ಮೇಲೆ, ಲಾಕರಿನಿಂದ ತೆಗೆದಿಟ್ಟ ಅರ್ಜಿ,
ಎಲ್ಲಕ್ಕಿಂತ ಮೇಲೆ ಅವರದೇ ಕೈಬರಹದ ಷರಾ.
ನೋಡಿದರು. ನಾನು ನೋಡಿದ್ದನ್ನೂ ನೋಡಿದರು.
ಆಮೇಲೆ ಹಿಡಿ ತಿರುಗಿಸಿ, ತಟ್ಟಿ, ಬಗ್ಗಿ,
‘ಕಾಲು ತುಕ್ಕು ಹಿಡಿದಿದೆಯಲ್ಲಮ್ಮ, ಮೂರು ಮಾಡಿಕೊಳ್ಳಿ.’
‘ಮೂರೂವರೆ’ ಅಂದಿತು ನನ್ನ ಬಾಯಿ,
ಎಲ್ಲಿತ್ತೋ ಧೈರ್ಯ.

ಝಕಿಯಾ ಫೋನು ಚಾಚಿದಳು, ಸ್ಕ್ಯಾನ್ ಮಾಡಿ ಅಂಕಲ್.
ಅವರು ತಲೆಯೆತ್ತಲಿಲ್ಲ.
‘ಬೇಡ. ಖಾತೆಗೆ ಬಿದ್ದದ್ದು ಕಾಣುತ್ತೆ’ ಅಂದು
ಬೆರಳಿಗೆ ಎಂಜಲು ಹಚ್ಚಿ ಎರಡು ಸಲ ಎಣಿಸಿ
ಮೊರದ ಪಕ್ಕದಲ್ಲಿ ಇಟ್ಟರು.
ಅದು ಕರುಣೆಯೋ, ಇಳಿಸಿಕೊಂಡ ಐನೂರು
ಆ ಒಂದು ಮಾತಿನ ಕೂಲಿಯೋ,
ಇವತ್ತಿಗೂ ಬಗೆಹರಿದಿಲ್ಲ.

ಮೆಟ್ಟಿಲಿಳಿಸುವಾಗ ಕನ್ನಡಿಯಲ್ಲಿ
ಬೀದಿಯೆಲ್ಲ ವಾಲಿಕೊಂಡು ಹೋಯಿತು,
ಎದುರಿನ ನಲ್ಲಿ, ಕೊಡಗಳ ಸಾಲು, ಒಂದು ನಾಯಿ,
ಕೊನೆಗೆ ಇಡಿಯಾಗಿ ನಾನು.

ಗೋಡೆಯಲ್ಲಿ ಬೀರುವಿದ್ದಷ್ಟಗಲ ಹಳೆಯ ನೀಲಿ,
ಮೊನ್ನೆ ಬಳಿದ ಹಾಗೆ. ಅದರ ನಡುವೆ
ಮರೆತೇ ಹೋಗಿದ್ದ ಒಂದು ಮೊಳೆ.
ಇಂದು ಮಂಗಳವಾರ. ಮೃಗಾಲಯಕ್ಕೆ ರಜೆ,
ಅವಕ್ಕೂ ಉಪವಾಸ ಅನ್ನುತ್ತಿದ್ದರು ಇವರು.
ರಾತ್ರಿ ಎರಡರ ಹೊತ್ತಿಗೆ ಗೋಡೆಯಾಚೆ ಸಿಂಹ ಕೂಗಿತು.
ದಿಂಬಿನ ಪಕ್ಕ ಫೋನು ಬೆಳಗಿತು,
‘ಇನ್ನೂ ಇದೆಯಾ?’
ಎದ್ದು, ಆ ಬೆಳಕಲ್ಲೇ,
ಖಾಕಿ ಅಂಗಿಯನ್ನು ಮೊಳೆಗೆ ತಗುಲಿಸಿದೆ.